ತೊರೆಯಾಚೆಯ ಬಿಳಿ ಜಾಗ

ಸ್ಟರ್ಲಿಂಗ್, ವರ್ಜೀನಿಯಾ
ಫೆಬ್ರವರಿ 7, 2021

ಪ್ರಿಯ ಜಯಾ ಅವರಿಗೆ,

ಜನವರಿ 24ರ ಭಾನುವಾರ ಸಂಜೆ ನಮ್ಮ ಓದುಕೂಟ ಜೂಮ್‌ನಲ್ಲಿ ಸೇರಿತ್ತು. ಎಂಟು ಜನ ಇದ್ದೆವು. ನೀವು ಅರ್ಧದಲ್ಲೇ ಹೊರಟಿರಿ. ಅಂದಿನಿಂದ ವಾಟ್ಸ್ಯಾಪ್ ಗುಂಪಿನಲ್ಲೂ ನಿಮ್ಮ ಹೆಸರಿಲ್ಲ. ಎರಡು ಸಲ ಫೋನ್ ಮಾಡಿದೆ, ನೀವು ಎತ್ತಲಿಲ್ಲ. ಇಲ್ಲಿಂದ ಡುಲುತ್‌ಗೆ ಮನೆ ಬದಲಿಸುವಾಗ ಕೊಟ್ಟ ವಿಳಾಸ ನನ್ನ ಬಳಿ ಇತ್ತು. ಹಾಗಾಗಿ ಇದನ್ನು ಅಂಚೆಗೆ ಹಾಕುತ್ತಿದ್ದೇನೆ.

ವೋಲಾ ಪುಸ್ತಕದ ಮೊದಲ ಅಧ್ಯಾಯದ ನನ್ನ ಅನುವಾದದ ಕರಡು ಜೊತೆಗಿದೆ. ಭೂಗೋಳ ನನ್ನದು, ಇತಿಹಾಸ ನಿಮ್ಮದು, ಒಬ್ಬರ ಬರವಣಿಗೆಯನ್ನು ಇನ್ನೊಬ್ಬರು ತಿದ್ದುವುದು ಎಂದು ಮಾತಾಗಿತ್ತಲ್ಲ. ಪಕ್ಕದ ಮನೆಯ ಟೆರೇಸಾ ಮೊನ್ನೆ ಬೇಲಿಯ ಆ ಕಡೆಯಿಂದಲೇ ಕೇಳಿದರು, "ನನ್ನ ಊರು ನಿಮ್ಮ ಭಾಷೆಯಲ್ಲಿ ಎಲ್ಲಿಯವರೆಗೆ ಬಂತು?" ಎಂದು. ಅವರ ಸೋದರಮಾವ ಆ ಊರಿನ ಶಾಲೆಯಲ್ಲಿ ಮೇಷ್ಟ್ರಾಗಿದ್ದು ನಿವೃತ್ತಿಯ ನಂತರ ಬರೆದ ಎಂಬತ್ತು ಪುಟ. ಟೆರೇಸಾ ಅವರ ಮಗ ಅದನ್ನು ಮನೆಯವರಿಗಾಗಿ ಇಂಗ್ಲಿಷಿಗೆ ತಂದದ್ದು. ಅದೀಗ ಕನ್ನಡಕ್ಕೆ ಹೋಗುತ್ತಿದೆ ಎಂಬುದನ್ನು ಟೆರೇಸಾ ಇನ್ನೂ ಪೂರ್ತಿ ನಂಬಿಲ್ಲ. ಎಪ್ಪತ್ತಾರು ವರ್ಷದ ಅವರ ಮುಂದೆ ನಾವು ಮಾತು ತಪ್ಪಬಾರದು.

ನಾನು ಹೀಗೆ ಶುರು ಮಾಡಿದ್ದೇನೆ: ವೋಲಾ ಪೋಲೆಂಡಿನಲ್ಲಿ, ವಿಸ್ಟುಲಾ ನದಿಗೆ ಪೂರ್ವದಲ್ಲಿದೆ. ಕಾಡು ಕಡಿದು ನೆಲ ಮಾಡುವವರಿಗೆ ಒಂದಷ್ಟು ವರ್ಷ ಗೇಣಿ ಇಲ್ಲ ಎಂದು ಜಮೀನುದಾರ ಆಸೆ ತೋರಿಸಿ ಕರೆಸಿದ ಊರು, ಹೆಸರೂ ಅದರಿಂದಲೇ ಬಂದದ್ದು, ವೋಲಾ ಎಂದರೆ ಬಿಡುಗಡೆ. ಊರಿಗೆ ಒಂದೇ ಬೀದಿ. ಬೀದಿಯ ಎರಡೂ ಕಡೆ ಮನೆ. ಪ್ರತಿ ಮನೆಯ ಹಿಂದೆ ಅದರ ಹೊಲ. ಅಗಲ ಮನೆಯಷ್ಟೇ, ಉದ್ದ ಕಾಡು ಮುಟ್ಟುವವರೆಗೆ. ಮರಳು ಮಣ್ಣು. ರೈ ಎಂಬ ಧಾನ್ಯ ಮತ್ತು ಆಲೂಗಡ್ಡೆ ಬೆಳೆಯುತ್ತಾರೆ. ಬೀದಿಯ ಉತ್ತರದ ತುದಿಗೆ ಮರದ ಶಿಲುಬೆ, ನಡುವೆ ಇಗರ್ಜಿ, ಅದರ ಎದುರು ಹೆಂಡದಂಗಡಿ, ದಕ್ಷಿಣದ ತುದಿಗೆ ತೊರೆ. ರಾಜ್ಯಗಳು ಬದಲಾದಾಗಲೆಲ್ಲ ಊರು ಕದಲದೆಯೇ ಬೇರೆ ದೇಶಕ್ಕೆ ಹೋಗಿಬಂತು ಎಂದು ಮೇಷ್ಟ್ರು ಬರೆಯುತ್ತಾರೆ. 1915ರಲ್ಲಿ ರಷ್ಯಾದ ಸೈನ್ಯ ಹಿಂದೆ ಸರಿಯುವಾಗ ಬೀದಿಗೆ ಬೆಂಕಿ ಇಟ್ಟಿತು. ಆ ಭಾಗದ ಕೊನೆಯ ವಾಕ್ಯ: "ಬೀದಿ ಸುಟ್ಟ ವರ್ಷ ಊರಿನವರು ಚಳಿಗಾಲವನ್ನು ತೊರೆಯಾಚೆಯ ಬಯಲಿನಲ್ಲಿ ಕಳೆದರು." ಈ ವಾಕ್ಯ ನನಗೆ ಹಿಡಿಸಿದೆ.

ಮೇಷ್ಟ್ರ ನಕ್ಷೆಯನ್ನೂ ಕನ್ನಡದ ಹೆಸರುಗಳೊಂದಿಗೆ ಬರೆದಿದ್ದೇನೆ. ಎಲ್ಲ ಸರಿಯಾಗಿದೆಯೇ ನೋಡಿ.

ಆ ಸಂಜೆಯ ಬಗ್ಗೆ ಏನಾದರೂ ಬರೆಯಬೇಕು ಎಂದು ಕೂತೆ. ಹಾಳೆ ತುಂಬಿಹೋಯಿತು.

ನಿಮ್ಮ
ಶ್ರೀಲತಾ


ಸ್ಟರ್ಲಿಂಗ್
ಮಾರ್ಚ್ 14, 2021

ಪ್ರಿಯ ಜಯಾ ಅವರಿಗೆ,

ಹಾಳೆ ತುಂಬಿತು ಎಂದು ಬರೆದದ್ದು ಸುಳ್ಳು. ಹಿಂಬದಿ ಪೂರ್ತಿ ಖಾಲಿ ಇತ್ತು. ಅದು ನಿಮಗೂ ಕಂಡಿರುತ್ತದೆ.

ಅಂದು ಆದದ್ದನ್ನು ಆದ ಹಾಗೆಯೇ ಬರೆಯುತ್ತೇನೆ. ಓದಿದ ಪ್ರತಿ ಪುಸ್ತಕದ ಊರಿಗೂ ನಾವು ನಕ್ಷೆ ಬರೆಯುತ್ತೇವೆ. ಆ ಪದ್ಧತಿ ತಂದವಳು ನಾನು. ಇಷ್ಟೆಲ್ಲ ಪರದೇಶದ ಊರುಗಳಾದವು, ಈ ಸಲ ನಮ್ಮ ನಮ್ಮ ಊರು ಬರೆದು ತೋರಿಸೋಣ ಎಂದವಳೂ ನಾನೇ. ಇಷ್ಟು ವರ್ಷ "ದಾವಣಗೆರೆ ಕಡೆ" ಎನ್ನುತ್ತಿದ್ದ ನೀವು ಅಂದು ಮೊದಲ ಸಲ ಊರಿನ ಹೆಸರು ಹೇಳಿದಿರಿ. ನಾನು ಕುರ್ಚಿಯಿಂದ ಎದ್ದೇಬಿಟ್ಟೆ.

"ಹೊನ್ನೆಕಟ್ಟೆನಾ! ಅಯ್ಯೋ ಜಯಾ, ನಮ್ಮಪ್ಪ ಅಲ್ಲಿ ವೆಟರ್ನರಿ ಡಾಕ್ಟರ್ ಆಗಿದ್ರು. ನಾನು ಅಲ್ಲಿ ಥರ್ಡ್ ಸ್ಟ್ಯಾಂಡರ್ಡ್ ಓದಿದೀನಿ. ನಿಮ್ಮನೆ ಯಾವ ಕಡೆ?"

"ಬಸ್ ಸ್ಟ್ಯಾಂಡ್ ಹತ್ರ," ಎಂದಿರಿ.

"ಬಸ್ ಸ್ಟ್ಯಾಂಡ್ ಹತ್ರ ಮನೆನೇ ಇಲ್ವಲ್ಲ. ಈ ಕಡೆ ಪಶು ಆಸ್ಪತ್ರೆ, ನಮ್ಮ ಕ್ವಾರ್ಟರ್ಸು. ಆ ಕಡೆ ಗೋಡೌನು. ಅದರಾಚೆ..."

ಅಲ್ಲಿಗೆ ನಿಲ್ಲಿಸಿದೆ.

ಪೂರ್ತಿ ಹೇಳಿದ್ದರೆ ಇಷ್ಟು ಕೆಟ್ಟದಾಗುತ್ತಿರಲಿಲ್ಲವೇನೋ. ನಿಲ್ಲಿಸಿದ್ದರಿಂದಲೇ ಎಂಟು ಚೌಕಗಳಲ್ಲಿದ್ದ ಎಲ್ಲರಿಗೂ ತಿಳಿಯಿತು. ಆಮೇಲೆ ಆಲ್ಫರೆಟಾದ ಗೋಪಿನಾಥ, "ಓಕೆ, ಟೈಮ್ ಆಗ್ತಿದೆ, ನೆಕ್ಸ್ಟ್ ಯಾರು?" ಅಂದರು. ಅದೂ ಉಪಕಾರ ಮಾಡಿದ ದನಿಯಲ್ಲಿ. ನಿಮ್ಮ ಚೌಕ ಕಪ್ಪಾಯಿತು. ನಾನು ನಮ್ಮ ಮೈಸೂರಿನ ಬೀದಿಯ ನಕ್ಷೆ ತೋರಿಸಿದೆ. ಚೆನ್ನಾಗಿದೆ ಎಂದರು. ನಾನು ಥ್ಯಾಂಕ್ಸ್ ಎಂದೆ.

ಆ ಥ್ಯಾಂಕ್ಸ್ ನೆನಪಾದರೆ ಈಗಲೂ ಅಡುಗೆಮನೆಯಲ್ಲಿ ನಿಂತಲ್ಲೇ ಕಣ್ಣು ಮುಚ್ಚಿಕೊಳ್ಳುತ್ತೇನೆ. ಕ್ಷಮಿಸಿ ಎಂದು ಬರೆಯಲು ಹಿಂಜರಿಕೆ. ಬರೆದರೆ ಉತ್ತರ ಕೊಡುವ ಭಾರ ನಿಮ್ಮ ಮೇಲೆ ಬೀಳುತ್ತದೆ. ಆದರೂ ಬರೆದಿದ್ದೇನೆ.

ಶ್ರೀಲತಾ


ಡುಲುತ್, ಜಾರ್ಜಿಯಾ
ಏಪ್ರಿಲ್ 20, 2021

ಶ್ರೀಲತಾ ಅವರಿಗೆ,

ನಿಮ್ಮ ಎರಡೂ ಕಾಗದ ತಲುಪಿವೆ. ಕರಡನ್ನು ತಿದ್ದಿ ಕಳಿಸುತ್ತಿದ್ದೇನೆ. ಟೆರೇಸಾ ಅವರಿಗೆ ಮಾತು ಕೊಟ್ಟವರಲ್ಲಿ ನಾನೂ ಒಬ್ಬಳು.

ಪುಟ ಮೂರು: ಬೇಲಿಗೆ "ಹಂದರ" ಬೇಡ, ಬೇಲಿಯೇ ಇರಲಿ. ಪುಟ ಐದು: ಕೊಕ್ಕರೆ ಗೂಡು ಕಂಬದ ಮೇಲೆ, ಮರದ ಮೇಲಲ್ಲ. ಪುಟ ಆರು: 1942ರ ಶರತ್ಕಾಲದ ನಂತರ ಹೆಂಡದಂಗಡಿಯ ಬಾಗಿಲು ತೆರೆಯಲಿಲ್ಲ ಎಂದು ಮೇಷ್ಟ್ರು ಒಂದೇ ಸಾಲಿನಲ್ಲಿ ಹೇಳಿದ್ದಾರೆ. ಅಂಗಡಿಯವರು ಯೆಹೂದಿಗಳು ಎಂಬುದು ಹಿಂದಿನ ಪುಟದಲ್ಲಿದೆ. ನೀವು ಇದನ್ನು "ಅಂಗಡಿ ಮುಚ್ಚಿತು" ಎಂದಿದ್ದೀರಿ. ಅಂಗಡಿ ತಾನಾಗಿ ಮುಚ್ಚಲಿಲ್ಲ. ಅವರ ವಾಕ್ಯವನ್ನು ಇದ್ದ ಹಾಗೆ ಬಿಡಿ.

ಪುಟ ಒಂಬತ್ತು, ನಿಮಗೆ ಹಿಡಿಸಿದ ವಾಕ್ಯ. ಇಂಗ್ಲಿಷಿನಲ್ಲಿ "ತೊರೆಯಾಚೆ" ಎಂದಷ್ಟೇ ಇದೆ. "ಬಯಲು" ಎಲ್ಲಿಂದ ಬಂತು? ಪೋಲೆಂಡಿನ ಚಳಿಗಾಲ. ಕೂಸು ಮಕ್ಕಳು, ಮುದುಕರು. ಒಂದು ಇಡೀ ಊರು ಬಯಲಿನಲ್ಲಿ ಹೇಗೆ ಬದುಕುಳಿಯುತ್ತದೆ? ಮೇಷ್ಟ್ರ ನಕ್ಷೆಯಲ್ಲಿ ತೊರೆಯಾಚೆ ಏನನ್ನೂ ಬರೆದಿಲ್ಲ, ಬಿಳಿ ಜಾಗ. ನೀವು ಅದನ್ನು ಬಯಲು ಎಂದುಕೊಂಡಿರಿ. ಪುಟ ಹನ್ನೆರಡರಲ್ಲಿ ಮುಂಜಾನೆ ಹೆಂಗಸರು ಹಲಗೆಯ ಸೇತುವೆ ದಾಟಿ ಜಮೀನುದಾರನ ಹೊಲಕ್ಕೆ ಹೋಗುತ್ತಾರೆ. ಅವರು ಬರುವುದು ತೊರೆಯಾಚೆಯಿಂದ. ಪುಟ ಹದಿನೇಳರಲ್ಲಿ ಸಂಜೆ ಆ ಕಡೆ ಹೊಗೆ ಕಾಣುತ್ತದೆ. ಹೊಗೆ ಇದ್ದಲ್ಲಿ ಒಲೆ ಇರಬೇಕು. ಅಲ್ಲಿ ಯಾರೋ ಇದ್ದರು.

ನಿಮ್ಮಷ್ಟು ಎಚ್ಚರದಿಂದ ಓದುವವರು ನಮ್ಮ ಕೂಟದಲ್ಲಿ ಯಾರೂ ಇಲ್ಲ. ಅದಕ್ಕೇ ಇಷ್ಟು ಬರೆದೆ.

ಇಲ್ಲಿ ನನ್ನ ಲ್ಯಾಬಿನಲ್ಲಿ ಕೆಲಸ ಇನ್ನೂ ಕಡಿಮೆಯಾಗಿಲ್ಲ. ಮನೆಯಲ್ಲಿ ಸುರೇಶ, ಮಗಳು ಶ್ರಾವಣಿ ಇಬ್ಬರೂ ಆರೋಗ್ಯವಾಗಿದ್ದಾರೆ.

ಇತಿ,
ಜಯಾ


ಸ್ಟರ್ಲಿಂಗ್
ಮೇ 30, 2021

ಪ್ರಿಯ ಜಯಾ ಅವರಿಗೆ,

ನೀವು ಹೇಳಿದ್ದು ನಿಜ. "ಬಯಲು" ನನ್ನ ಕೈಯಿಂದಲೇ ಬಂದದ್ದು. ಮೂಲದಲ್ಲಿ ಇಲ್ಲದ್ದನ್ನು ಸೇರಿಸುವವರನ್ನು ಎಷ್ಟು ಸಲ ಆಡಿಕೊಂಡಿದ್ದೇನೆ ಎಂಬುದು ನಿಮಗೆ ಗೊತ್ತು.

ನಮ್ಮಿಬ್ಬರದೂ ಎರಡನೇ ಡೋಸ್ ಆಯಿತೆಂದು ಕಳೆದ ವಾರ ಟೆರೇಸಾ ಅವರ ಡೆಕ್‌ನಲ್ಲಿ ಚಹಾಕ್ಕೆ ಕೂತೆವು. ತಲೆಯ ಮೇಲೆ ಡಲಸ್‌ಗೆ ಇಳಿಯುವ ವಿಮಾನಗಳು. ಒಂದು ಹೋಗುವವರೆಗೂ ಕಾದು ಕೇಳಿದೆ.

"1915ರ ಚಳಿಗಾಲ ನಿಮ್ಮ ಊರಿನವರು ಎಲ್ಲಿ ಉಳಿದರು?"

"ತೊರೆಯಾಚೆ."

"ಅಲ್ಲಿ ಏನಿತ್ತು?"

"ಏನೂ ಇರಲಿಲ್ಲ." ಬಿಸ್ಕತ್ತಿನ ತಟ್ಟೆ ನನ್ನ ಕಡೆ ತಳ್ಳಿದರು. "ತಗೋ. ನೀನು ಏನೂ ತಿನ್ನೋದೇ ಇಲ್ಲ."

ನಾನು ಹೊಗೆಯ ವಿಷಯ ಹೇಳಿದೆ. ಅದನ್ನು ಗುರುತಿಸಿದ್ದು ನೀವು ಎಂದೂ ಹೇಳಿದೆ.

"ನಿನ್ನ ಗೆಳತಿ ಚುರುಕು," ಅಂದರು. ಆಮೇಲೆ ಹೇಳಿದರು. ಜಮೀನುದಾರನ ಕೂಲಿಯವರಿಗೆಂದು ಕಟ್ಟಿಸಿದ ಎರಡು ಉದ್ದನೆಯ ಕಟ್ಟಡ ಅಲ್ಲಿದ್ದವು. ಒಂದೊಂದರಲ್ಲಿ ನಾಲ್ಕು ಕೋಣೆ, ನಾಲ್ಕು ಸಂಸಾರ, ನಡುವೆ ಎಲ್ಲರಿಗೂ ಒಂದೇ ಹೊಗೆಗೂಡು. ಚ್ವೊರಾಕಿ ಎನ್ನುತ್ತಾರಂತೆ. ಬೀದಿಯವರಿಗೆ ರಷ್ಯಾದ ತ್ಸಾರ್ ಚಕ್ರವರ್ತಿಯ ಕಾಲದಲ್ಲೇ ಹೊಲ ಸಿಕ್ಕಿತ್ತು, ಇವರಿಗೆ ಸಿಗಲಿಲ್ಲ. ಬೀದಿಯವರು ಇವರಿಗೆ ಹೆಣ್ಣು ಕೊಡುತ್ತಿರಲಿಲ್ಲ, ಇವರಿಂದ ತರುತ್ತಲೂ ಇರಲಿಲ್ಲ. ಇಗರ್ಜಿಯಲ್ಲಿ ಇವರು ಹಿಂದೆ, ಬಾಗಿಲ ಹತ್ತಿರ ನಿಲ್ಲಬೇಕಿತ್ತು. ಬೀದಿ ಸುಟ್ಟ ವರ್ಷ ಊರಿಗೆ ಊರೇ ಆ ಎಂಟು ಕೋಣೆಗಳಲ್ಲಿ ಚಳಿಗಾಲ ಕಳೆಯಿತು. ಅವರ ಒಲೆ, ಅವರ ಆಲೂಗಡ್ಡೆ.

"ಆಮೇಲೆ?" ಎಂದೆ.

"ಆಮೇಲೆ ಏನು? ವಸಂತ ಬಂತು. ಬೀದಿಯವರು ಮನೆ ಕಟ್ಟಿಕೊಂಡು ಹೋದರು. ಭಾನುವಾರ ಇಗರ್ಜಿಯಲ್ಲಿ ಇವರು ಮತ್ತೆ ಹಿಂದೆಯೇ ನಿಂತರು."

"ಮೇಷ್ಟ್ರು ಇದನ್ನು ಯಾಕೆ ಬರೆಯಲಿಲ್ಲ?"

"ಅವನು ಹುಟ್ಟಿದ್ದೇ ಅಲ್ಲಿ," ಅಂದರು. "ನನ್ನಮ್ಮನೂ." ಸಕ್ಕರೆ ಇಲ್ಲದ ಚಹಾವನ್ನು ಬಹಳ ಹೊತ್ತು ಕಲಕಿದರು. "ನನ್ನ ಮಗನಿಗೆ ಗೊತ್ತಿಲ್ಲ. ಅವನ ಪ್ರಕಾರ ನಾವು ಬೀದಿಯವರು."

ಜಯಾ, ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ. ಎಂಥ ವಿಷಯ ಸಿಕ್ಕಿದೆ ನಮಗೆ! ಇದಕ್ಕೊಂದು ಅಡಿಟಿಪ್ಪಣಿ ಬರೆದಿದ್ದೇನೆ, ಜೊತೆಗಿಟ್ಟಿದ್ದೇನೆ. ನಕ್ಷೆಯಲ್ಲಿ ತೊರೆಯಾಚೆ ಎರಡು ಕಟ್ಟಡ ಸೇರಿಸಿ "ಲೇಖಕರು ಹುಟ್ಟಿದ ಸ್ಥಳ" ಎಂದು ಗುರುತು ಹಾಕಿದ್ದೇನೆ. ಆ ಬಿಳಿ ಜಾಗವನ್ನು ಇನ್ನು ಯಾರೂ ಬಯಲು ಎಂದುಕೊಳ್ಳಬಾರದು.

ಇನ್ನೊಂದು ಮಾತು. ನಮ್ಮಪ್ಪ ಹೊನ್ನೆಕಟ್ಟೆಯಲ್ಲಿ ಎಲ್ಲರ ಮನೆಗೂ ಹೋಗುತ್ತಿದ್ದರು. ದನಕ್ಕೆ ಕಾಯಿಲೆ ಎಂದರೆ ಯಾವ ಕೇರಿ ಎಂದು ಕೇಳಿದವರಲ್ಲ. ನಮ್ಮ ಮನೆಯಲ್ಲಿ ಆ ಭೇದ ಇರಲಿಲ್ಲ. ಇದು ನಿಮಗೆ ತಿಳಿದಿರಲಿ ಎಂದು ಬರೆದೆ.

ನಿಮ್ಮ
ಶ್ರೀಲತಾ


ಡುಲುತ್
ಜುಲೈ 11, 2021

ಶ್ರೀಲತಾ ಅವರಿಗೆ,

ನಿಮ್ಮ ಅಡಿಟಿಪ್ಪಣಿಯನ್ನು ವಾಪಸ್ ಕಳಿಸಿದ್ದೇನೆ. ತಿದ್ದಿಲ್ಲ.

ಒಬ್ಬ ಮನುಷ್ಯ ತನ್ನ ಊರಿನ ಪ್ರತಿ ಬಾವಿ, ಪ್ರತಿ ಗೂಡು ಬರೆದು, ಹುಟ್ಟಿದ ಮನೆಯನ್ನು ಮಾತ್ರ ಬಿಟ್ಟಿದ್ದಾನೆ. ಮರೆತು ಬಿಟ್ಟದ್ದಲ್ಲ. ಸಾಯುವವರೆಗೆ ಕಾಪಾಡಿಕೊಂಡದ್ದು ಅದು. ನೀವು ಒಂದು ಚಹಾದ ಹೊತ್ತಿನಲ್ಲಿ ಅದನ್ನು ಪತ್ತೆ ಮಾಡಿ, ಗುರುತು ಹಾಕಿ, "ಎಂಥ ವಿಷಯ ಸಿಕ್ಕಿದೆ" ಎಂದು ನನಗೆ ಬರೆಯುತ್ತೀರಿ. ನನಗೇ ಬರೆಯುತ್ತೀರಿ. ಟೆರೇಸಾ ಅವರನ್ನು ಕೇಳಿದಿರಾ? ಅವರ ಮಗನಿಗೆ ಅವರಮ್ಮ ಹೇಳುವ ಮೊದಲು ಅದು ಕನ್ನಡದಲ್ಲಿ ಬರಬೇಕೇ? ಜನವರಿಯಲ್ಲಿ ನೀವು ಮಾಡಿದ್ದೂ ಇದೇ. ಅಂದು ನಾಲಿಗೆ ಜಾರಿತು ಎಂದುಕೊಳ್ಳಬಹುದಿತ್ತು. ಇದನ್ನು ಕೂತು ಬರೆದಿದ್ದೀರಿ.

ಅಂದು ನೀವು ನುಂಗಿದ ಪದವನ್ನು ನಾನೇ ಬರೆಯುತ್ತೇನೆ. ಗೋಡೌನಿನಾಚೆ ಇರುವುದು ಹೊಲಗೇರಿ. ಊರಿನಲ್ಲಿ ಹಾಗೇ ಕರೆಯುತ್ತಿದ್ದರು. ಮೂರನೇ ಮನೆ ನಮ್ಮದು.

ನಿಮ್ಮ ತಂದೆಯವರು ನಮ್ಮ ಮನೆಗೆ ಬಂದದ್ದು ನನಗೆ ನೆನಪಿದೆ. ನಮ್ಮ ಎಮ್ಮೆಗೆ ಕರು ಅಡ್ಡ ಸಿಕ್ಕಿತ್ತು. ಇಲಾಖೆಯ ಜೀಪಿನಲ್ಲಿ ಬಂದರು. ಒಳ್ಳೆಯ ಕೈ ಅವರದು, ಎಮ್ಮೆ ಉಳಿಯಿತು. ಅದನ್ನು ನಾನು ಇಲ್ಲ ಎನ್ನುವುದಿಲ್ಲ. ಅವ್ವ ಚೊಂಬಿನಲ್ಲಿ ನೀರು ತಂದಳು, ಕೈ ತೊಳೆಯಲಿಕ್ಕೆ. ಅವರು "ಇರಲಮ್ಮ, ಆಸ್ಪತ್ರೇಲಿ ತೊಳ್ಕೋತೀನಿ" ಎಂದು ಮೊಣಕೈವರೆಗೆ ರಕ್ತ ಇದ್ದ ಹಾಗೇ ಜೀಪ್ ಹತ್ತಿದರು. ಜೀಪಿನಲ್ಲಿ ಒಬ್ಬಳು ಹುಡುಗಿ ಕೂತಿದ್ದಳು, ನನಗಿಂತ ಸ್ವಲ್ಪ ದೊಡ್ಡವಳು. ನಾನು ಹತ್ತಿರ ಹೋಗಿ ನಿಂತೆ. ಅವಳು ಇಳಿಯಲಿಲ್ಲ. ನೀವು ಜೂಮ್‌ನಲ್ಲಿ ಅಪ್ಪನ ಕೆಲಸ ಹೇಳಿದ ಕೂಡಲೇ ನನಗೆ ಅವಳು ಯಾರು ಎಂದು ತಿಳಿಯಿತು. ನೀವು "ಯಾವ ಕಡೆ" ಎಂದು ಕೇಳುವ ಮೊದಲೇ.

ಇನ್ನು ನನ್ನ ವಿಷಯ. ಅಂದು ಶ್ರಾವಣಿ ಪಕ್ಕದಲ್ಲೇ ಹೋಮ್‌ವರ್ಕ್ ಮಾಡುತ್ತಿದ್ದಳು. ಹದಿನೈದು ತುಂಬಿದ ಹುಡುಗಿ, ಕಿವಿಗೆ ಏನು ಸಿಕ್ಕಿಸಿಕೊಂಡಿದ್ದರೂ ಎಲ್ಲ ಕೇಳಿಸುತ್ತದೆ.

"ಅಮ್ಮಾ, ಆ ಆಂಟಿ ಯಾಕೆ ಸ್ಟಾಪ್ ಮಾಡಿದ್ರು? ಏನೋ ಹೇಳ್ತಾ ಇದ್ರು, ಆಮೇಲೆ ಎಲ್ಲರೂ ಸೋ ವಿಯರ್ಡ್."

"ನೆಟ್ ಹೋಯ್ತು," ಅಂದೆ.

"ನಮ್ಮ ನೆಟ್ ಚೆನ್ನಾಗೇ ಇದೆ."

"ಅವರದು ಹೋಯ್ತು."

ಅವಳು ನನ್ನ ಮುಖ ನೋಡಿ ಮತ್ತೆ ಪುಸ್ತಕಕ್ಕೆ ಹೋದಳು. ನಂಬಲಿಲ್ಲ, ಆದರೆ ಮತ್ತೆ ಕೇಳಲೂ ಇಲ್ಲ. ಸುರೇಶ, "ಬಿಡು, ಯಾಕ್ ಬೇಕು ಅದೆಲ್ಲ, ಇಲ್ಲಿ ಹುಟ್ಟಿದ ಮಗು" ಎಂದರು. ಅವರೂ ತುಮಕೂರಿನ ಹತ್ತಿರ ಅಂಥದೇ ಒಂದು ಕಡೆಯಿಂದ ಬಂದವರು. ಅದನ್ನು ನಾವಿಬ್ಬರೂ ಮನೆಯೊಳಗೂ ಆಡುವುದಿಲ್ಲ.

ನಮ್ಮ ಕೇರಿಯ ಬಗ್ಗೆ ನನಗೆ ನಾಚಿಕೆ ಎಂದು ಇಷ್ಟು ವರ್ಷ ಅಂದುಕೊಂಡಿದ್ದೆ. ಅಲ್ಲ ಎಂದು ಈಗ ಗೊತ್ತಾಗುತ್ತಿದೆ. ಆ ಮನೆಯಲ್ಲಿ ನಾಚಿಕೆಪಡುವಂಥದ್ದು ಏನೂ ಇರಲಿಲ್ಲ. ಹೊಸ್ತಿಲು ದಿನಾ ಸಾರಿಸುತ್ತಿದ್ದರು, ನಾನು ಓದಲೆಂದು ಅಪ್ಪ ದೀಪದ ಗಾಜು ತಾನೇ ಒರೆಸುತ್ತಿದ್ದ. ನಾಚಿಕೆ ಆಗುತ್ತಿರುವುದು "ನೆಟ್ ಹೋಯ್ತು" ಎಂದದ್ದಕ್ಕೆ. ನನ್ನ ಅಪ್ಪ ಅವ್ವ ಇದ್ದ ಜಾಗವನ್ನು ನಾನೇ ಬಿಳಿ ಮಾಡಿಟ್ಟಿದ್ದೇನೆ.

ಇದಕ್ಕೆ ಬೇಗ ಉತ್ತರ ಬರೆಯಬೇಡಿ.

ಜಯಾ


ಸ್ಟರ್ಲಿಂಗ್
ಸೆಪ್ಟೆಂಬರ್ 22, 2021

ಜಯಾ ಅವರಿಗೆ,

ಬೇಗ ಬರೆಯಬೇಡಿ ಎಂದಿರಿ. ಬರೆಯಲು ಆಗಲೂ ಇಲ್ಲ.

ಜೀಪು ನನಗೆ ನೆನಪಿಲ್ಲ. ನೆನಪಿದೆ ಎಂದು ಬರೆಯುವುದು ಸುಲಭವಿತ್ತು, ನಿಮಗೂ ಹಿತವಾಗುತ್ತಿತ್ತೇನೋ. ಎಷ್ಟು ಕೆದಕಿದರೂ ಪಶು ಆಸ್ಪತ್ರೆಯ ಹಸಿರು ಬಾಗಿಲು, ಗೋಡೌನಿನ ಇಲಿಗಳು, ನನ್ನ ಲಂಗ ನೆನಪಿಗೆ ಬರುತ್ತವೆ, ನೀವು ಬರುವುದಿಲ್ಲ. ಯಾವುದೋ ದೇಶದ ಕಾದಂಬರಿಯ ಮೂರನೇ ಪುಟದ ಕಿಟಕಿಯ ಬಣ್ಣ ಹತ್ತು ವರ್ಷ ನೆನಪಿಡುತ್ತೇನೆ. ಎದುರು ಬಂದು ನಿಂತ ಹುಡುಗಿ ನೆನಪಿಲ್ಲ.

ಮೈಸೂರಿಗೆ ಫೋನ್ ಮಾಡಿ ಅಕ್ಕನನ್ನು ಕೇಳಿದೆ. ಅಪ್ಪ ಹೋಗಿ ಆರು ವರ್ಷ ಆಯಿತು, ಆ ಮನೆಯ ನೆನಪಿರುವವಳು ಈಗ ಅವಳೊಬ್ಬಳೇ.

"ಅಪ್ಪ ಆ ಕಡೆ ಹೋಗ್ತಿದ್ರಲ್ವೇನೇ?" ಎಂದೆ.

"ಹೋಗ್ತಿದ್ರು. ಬಂದು ಹಿತ್ತಿಲಲ್ಲೇ ಸ್ನಾನ ಮಾಡಿ, ಬಟ್ಟೆ ಅಲ್ಲೇ ಬಿಟ್ಟು ಒಳಗೆ ಬರ್ತಿದ್ರು. ದನ ಮುಟ್ಟಿದ ಕೈ ಅಲ್ವಾ, ಕ್ಲೀನ್ ಆಗ್ಬೇಕಲ್ಲ."

"ಗೌಡರ ಮನೆ ದನ ನೋಡ್ಕೊಂಡು ಬಂದ್ರೂ ಹಿತ್ತಿಲಲ್ಲೇ ಸ್ನಾನನಾ?"

"ಇಲ್ಲಪ್ಪ, ಗೌಡರ ಮನೇಲಿ ಕಾಫಿ ಕುಡಿದೇ ಬರ್ತಿದ್ರು. ಆ ಕಡೆ ಹೋದಾಗ ಮಾತ್ರ..."

ಅಕ್ಕ ಅಲ್ಲಿಗೆ ನಿಲ್ಲಿಸಿದಳು. ನಾನು ನಿಲ್ಲಿಸಿದ ಹಾಗೆಯೇ. ಆ ನಿಲ್ಲಿಸುವುದನ್ನು ಒಂದೇ ಮನೆಯಲ್ಲಿ ಕಲಿತಿದ್ದೇವೆ. ಆಮೇಲೆ, "ಈಗ ಯಾಕೆ ಇದೆಲ್ಲ? ಅಲ್ಲಿ ಮಳೆ ಏನಾದ್ರೂ ಬಂತಾ?" ಎಂದಳು.

ನಮ್ಮ ಮನೆಯಲ್ಲಿ ಭೇದ ಇರಲಿಲ್ಲ ಎಂದು ನಾನು ನಿಮಗೆ ಬರೆದಿದ್ದೆ. ಆ ಸಾಲನ್ನು ಹಿಂದಕ್ಕೆ ಪಡೆಯುತ್ತೇನೆ.

ಅಡಿಟಿಪ್ಪಣಿ ತೆಗೆದಿದ್ದೇನೆ. "ಬಯಲು" ಕೂಡ. ನಾನು ಗುರುತು ಹಾಕಿದ ನಕ್ಷೆಯನ್ನು ಟೆರೇಸಾ ಅವರಿಗೆ ಒಯ್ದು ತೋರಿಸಿ, "ನಿಮ್ಮನ್ನು ಕೇಳದೆ ಇದನ್ನು ಮಾಡಿದ್ದೆ, ಕೇಳಬೇಕಿತ್ತು" ಎಂದೆ. ಅವರು ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು. ಕೋಪ ಮಾಡಿಕೊಳ್ಳಲಿಲ್ಲ. "ಕಟ್ಟಡ ತಪ್ಪಿದೆ," ಅಂದರು. "ನೀನು ತೊರೆಗೆ ಬೆನ್ನು ಮಾಡಿಸಿದ್ದೀಯ. ಬಾಗಿಲು ತೊರೆ ಕಡೆಗೇ ಇತ್ತು. ಬಾಗಿಲಲ್ಲಿ ನಿಂತರೆ ಬೀದಿಯ ದೀಪಗಳೆಲ್ಲ ಕಾಣ್ತಿದ್ವು ಅಂತ ಅಮ್ಮ ಹೇಳ್ತಿದ್ದಳು." ಆಮೇಲೆ ಹಾಳೆಯನ್ನು ನಾಲ್ಕಾಗಿ ಮಡಚಿ ಏಪ್ರನ್ ಜೇಬಿಗೆ ಹಾಕಿಕೊಂಡರು. ಇನ್ನೂ ವಾಪಸ್ ಕೊಟ್ಟಿಲ್ಲ. ನಾನು ಕೇಳುವುದಿಲ್ಲ.

ಓದುಕೂಟದಲ್ಲಿ ಕಳೆದ ತಿಂಗಳು, ಜನವರಿಯಲ್ಲಿ ನಾನು ಮಾಡಿದ್ದು ತಪ್ಪು ಎಂದಷ್ಟೇ ಹೇಳಿದೆ. ನಿಮ್ಮ ವಿಷಯ ಏನೂ ಎತ್ತಲಿಲ್ಲ. ಗೋಪಿನಾಥ, "ಅಯ್ಯೋ ಮೇಡಂ, ಅದನ್ನೆಲ್ಲ ಯಾರು ನೆನಪಿಟ್ಕೋತಾರೆ" ಎಂದು ನಕ್ಕರು. ಎಲ್ಲರಿಗೂ ನೆನಪಿತ್ತು. ಮುಂದಿನ ಪುಸ್ತಕದಿಂದ ನಕ್ಷೆ ಬರೆಸುವ ಕೆಲಸ ನನ್ನದಲ್ಲ ಎಂದು ಹೇಳಿ ಬಂದೆ.

ನೀವು ಇದಕ್ಕೆ ಉತ್ತರ ಬರೆಯಲೇಬೇಕೆಂದಿಲ್ಲ. ಇತಿಹಾಸದ ಅಧ್ಯಾಯ ನಿಮ್ಮದು, ಮಾಡದಿದ್ದರೂ ಅದು ನಿಮ್ಮದೇ. ನಾನು ಮುಟ್ಟುವುದಿಲ್ಲ.

ಶ್ರೀಲತಾ


ಡುಲುತ್
ನವೆಂಬರ್ 21, 2021

ಶ್ರೀಲತಾ ಅವರಿಗೆ,

ಇತಿಹಾಸದ ಅಧ್ಯಾಯ ಮುಗಿಸಿದ್ದೇನೆ, ಜೊತೆಗಿದೆ. 1944ರಲ್ಲಿ ಜಮೀನುದಾರನ ನೆಲವನ್ನು ಹಂಚಿದಾಗ ಹೊಲವಿಲ್ಲದವರಿಗೂ ಪಾಲು ಸಿಕ್ಕಿತು ಎಂದು ಮೇಷ್ಟ್ರು ಬರೆಯುತ್ತಾರೆ. "ಕೆಲವರಿಗೆ" ಎನ್ನುತ್ತಾರೆ, ಯಾರು ಎನ್ನುವುದಿಲ್ಲ. ನಾನೂ "ಕೆಲವರಿಗೆ" ಎಂದೇ ಇಟ್ಟಿದ್ದೇನೆ. ಹೊಲ ಬಂದ ಮೇಲೂ ಮದುವೆಯ ಮಾತು ಬಂದಾಗ ಊರಿನವರಿಗೆ ಯಾವ ಮನೆ ಎಲ್ಲಿತ್ತು ಎಂಬುದು ಮರೆಯಲಿಲ್ಲ ಎಂಬ ಒಂದು ಸಾಲು ಇದೆ. ಅದನ್ನು ಕನ್ನಡಕ್ಕೆ ತರಲು ನನಗೆ ಏನೂ ಕಷ್ಟವಾಗಲಿಲ್ಲ.

ಓದುಕೂಟಕ್ಕೆ ನಾನು ಬರುವುದಿಲ್ಲ. ನಿಮ್ಮ ಮೇಲಿನ ಸಿಟ್ಟಿನಿಂದಲ್ಲ. ಪುಸ್ತಕ ಮುಗಿಯುವವರೆಗೆ ನಾವಿಬ್ಬರು ಹೀಗೆ ಅಂಚೆಯಲ್ಲೇ ಇರೋಣ. ನೀವು ಜೀಪು ನೆನಪಿಲ್ಲ ಎಂದು ಬರೆದಿರಿ. ನೆನಪಾಯಿತು ಎಂದು ಬರೆದಿದ್ದರೆ ಈ ಕಾಗದ ಬರುತ್ತಿರಲಿಲ್ಲ.

ಟೆರೇಸಾ ಅವರ ಅಮ್ಮ ಬಾಗಿಲಲ್ಲಿ ನಿಂತು ಬೀದಿಯ ದೀಪ ನೋಡುತ್ತಿದ್ದಳು ಎಂದಿರಲ್ಲ, ಅದನ್ನು ಓದಿ ನಕ್ಷೆಯನ್ನು ಮತ್ತೆ ಬಿಚ್ಚಿ ನೋಡಿದೆ. ಮೇಷ್ಟ್ರು ನಕ್ಷೆಯನ್ನು ಶಿಲುಬೆಯಿಂದ ಶುರು ಮಾಡುತ್ತಾರೆ. ಬೀದಿಗುಂಟ ಇಳಿದು ತೊರೆಗೆ ಬಂದು ನಿಲ್ಲುತ್ತಾರೆ. ಅಲ್ಲಿಂದ ಶುರು ಮಾಡಿದ್ದಕ್ಕೇ ಅವರಿಗೆ ಮನೆ ತಲುಪಲು ಆಗಲಿಲ್ಲ. ನಾನೂ ಅಷ್ಟೆ. ಯಾರು ಕೇಳಿದರೂ ಬಸ್ ಸ್ಟ್ಯಾಂಡಿನಿಂದ ಶುರು ಮಾಡಿ ಅಲ್ಲೇ ಇಳಿದುಬಿಡುತ್ತಿದ್ದೆ.

ಮೊನ್ನೆ ಶ್ರಾವಣಿಯನ್ನು ಬ್ಯಾಂಡ್ ಪ್ರಾಕ್ಟೀಸಿಗೆ ಬಿಡಲು ಹೋಗುವಾಗ ಕಾರಿನಲ್ಲಿ ಕೇಳಿದೆ, "ನಮ್ಮೂರು ಹೇಗಿದೆ ಅಂತ ನಿನಗೆ ಗೊತ್ತಾ?"

"ನೀನು ಯಾವತ್ತೂ ಹೇಳಿಲ್ಲ," ಅಂದಳು. ಕಿಟಕಿಯ ಆಚೆ ನೋಡುತ್ತಾ, "ಅವತ್ತು ಅವರ ನೆಟ್ ಹೋಗಿರ್ಲಿಲ್ಲ, ಅಲ್ವಾ?"

ಸಿಗ್ನಲ್ ಹಸಿರಾಗಿತ್ತು. ಹಿಂದಿನವನು ಹಾರ್ನ್ ಮಾಡಿದ.

"ಇಲ್ಲ," ಅಂದೆ. "ಥ್ಯಾಂಕ್ಸ್‌ಗಿವಿಂಗ್ ದಿನ ಹೇಳ್ತೀನಿ. ಕೂತು ಹೇಳ್ಬೇಕು."

"ಓಕೆ," ಅಂದಳು. "ಬಟ್ ರಿಯಲಿ ಹೇಳ್ಬೇಕು."

ಬರುವಾಗ ಅವಳು ಪೋಸ್ಟರ್ ಮಾಡುತ್ತಾಳಲ್ಲ, ಅಂಥ ದೊಡ್ಡ ಹಾಳೆ ತಂದೆ. ಸುರೇಶ ನೋಡಿ, "ಏನಿದು, ಮತ್ತೆ ಸ್ಕೂಲ್ ಪ್ರಾಜೆಕ್ಟಾ?" ಎಂದರು. ಹೇಳಿದೆ. ಅವರು ಬೇಡ ಎನ್ನಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಬಂದು, "ನಂದೂ ಒಂದು ಬರೀಬೇಕಾಗುತ್ತೆ ಹಾಗಾದ್ರೆ. ಇನ್ನೊಂದು ಹಾಳೆ ತರಬಾರದಿತ್ತಾ?" ಎಂದರು. ಆ ಮಾತು ಅವರ ಬಾಯಲ್ಲಿ ಬರುತ್ತದೆ ಎಂದು ನಾನು ಎಣಿಸಿರಲಿಲ್ಲ.

ಗುರುವಾರ ಥ್ಯಾಂಕ್ಸ್‌ಗಿವಿಂಗ್, ಊಟವಾದ ಮೇಲೆ ಮಗಳ ಜೊತೆ ಕೂರುತ್ತೇನೆ. ಮೊದಲು ನಮ್ಮ ಮನೆ ಬರೆಯುತ್ತೇನೆ. ಬಾಗಿಲು, ಬಾಗಿಲ ಮುಂದೆ ಅಜ್ಜಿ ಕೂರುತ್ತಿದ್ದ ಕಲ್ಲು, ಎಮ್ಮೆ ಕಟ್ಟುವ ಗೂಟ, ಆ ಗೂಟದ ಹತ್ತಿರ ನಿಮ್ಮ ತಂದೆಯವರು ಕುಕ್ಕರಗಾಲಲ್ಲಿ ಕೂತ ಜಾಗ. ಅಲ್ಲಿಂದ ದಾರಿ ಹೊರಡುತ್ತದೆ. ಗೋಡೌನಿನ ಹಿಂಗೋಡೆ, ಬಸ್ ಸ್ಟ್ಯಾಂಡು, ಆಮೇಲೆ ಪಶು ಆಸ್ಪತ್ರೆಯ ಬೇಲಿ, ನಿಮ್ಮ ಹಿತ್ತಿಲು. ನಮ್ಮ ಬಾಗಿಲಲ್ಲಿ ನಿಂತು ನೋಡಿದರೆ ಬಸ್ ಸ್ಟ್ಯಾಂಡಿನಾಚೆ ಇರುವುದು ನೀವು, ಶ್ರೀಲತಾ. ಊರು ಇರುವುದು ಆ ಕಡೆ. ಅಲ್ಲಿ ಯಾವ ಬೀದಿ ಎಲ್ಲಿ ತಿರುಗುತ್ತಿತ್ತು, ಯಾರ ಮನೆ ಎಲ್ಲಿತ್ತು ಎಂಬುದು ನನಗೆ ಪೂರ್ತಿ ಗೊತ್ತಿಲ್ಲ. ಅವಳು ಕೇಳಿದರೆ ಗೊತ್ತಿಲ್ಲ ಎನ್ನುತ್ತೇನೆ.

ಹಾಳೆಯನ್ನು ಊಟದ ಮೇಜಿನ ಮೇಲೆ ಹರಡಿ ನಾಲ್ಕು ಮೂಲೆಗೂ ಲೋಟ ಇಟ್ಟಿದ್ದೇನೆ, ಸುರುಳಿ ಬಿಡಲಿ ಎಂದು. ಇನ್ನೂ ಒಂದು ಗೆರೆಯನ್ನೂ ಎಳೆದಿಲ್ಲ.

ನಿಮ್ಮ
ಜಯಾ